ಕೊಡಗಿನಲ್ಲಿ ಮಹಿಳಾ ಹಾಕಿ

ಕರ್ನಾಟಕದ ಕೊಡಗು ಜಿಲ್ಲೆಯಲ್ಲಿ ಮಹಿಳೆಯರ ಹಾಕಿ ಆಟವು ಮುಖ್ಯವಾಗಿ ಎರಡು ದಾರಿಗಳಲ್ಲಿ ಬೆಳೆದುಬಂದಿದೆ. ಮೊದಲನೆಯದು ಶಾಲೆ, ಕಾಲೇಜು ಹಾಗೂ ಸರ್ಕಾರಿ ಕ್ರೀಡಾ ವಸತಿನಿಲಯಗಳ ದಾರಿ. ಎರಡನೆಯದು 1997ರಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವದ ದಾರಿ. ಈ ಉತ್ಸವದಲ್ಲಿ ತಂಡವೆಂದರೆ ಕ್ಲಬ್ ಅಲ್ಲ; ಒಂದೇ ಮನೆತನದ ಹೆಸರನ್ನು ಹೊತ್ತವರ ಗುಂಪು. ಆ ಹೆಸರುಳ್ಳ ಮಹಿಳೆಯರು ತಮ್ಮ ತಂದೆ, ಸಹೋದರ, ಮಕ್ಕಳೊಂದಿಗೆ ಅದೇ ತಂಡದಲ್ಲಿ ಆಡಬಹುದು. ಮದುವೆಯಾದ ಮಹಿಳೆಯು ತವರುಮನೆಯ ಪರವಾಗಿಯೋ ಗಂಡನ ಮನೆಯ ಪರವಾಗಿಯೋ ಆಡುವ ಆಯ್ಕೆಯನ್ನು ಹೊಂದಿದ್ದಾಳೆ.

ಜಗತ್ತಿನ ಹೆಚ್ಚಿನ ಕಡೆ ಮಹಿಳೆಯರ ತಂಡ ಆಟಗಳು ಪ್ರತ್ಯೇಕ ಮಹಿಳಾ ಕ್ಲಬ್ಬುಗಳ ಮೂಲಕ ಬೆಳೆದವು. ಕೊಡಗಿನ ಉತ್ಸವದಲ್ಲಿ ಮಹಿಳೆಯರು ಮನೆತನದ ಮೂಲಕ ಮೈದಾನಕ್ಕೆ ಬಂದರು. ಈ ವ್ಯವಸ್ಥೆಯು ಅವರಿಗೆ ಒದಗಿಸಿದ ಅವಕಾಶ ಮತ್ತು ಅದರೊಳಗಿನ ಮಿತಿ ಎರಡನ್ನೂ ತಿಳಿಯಲು ಕೊಡವರ ಕುಟುಂಬ ಪದ್ಧತಿಯ ಪರಿಚಯ ಅಗತ್ಯ.

ಹಿನ್ನೆಲೆ

ಕೊಡಗು ಪಶ್ಚಿಮ ಘಟ್ಟದ ಮೇಲಿನ ಸಣ್ಣ ಜಿಲ್ಲೆ. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ ಸುಮಾರು ಐದೂವರೆ ಲಕ್ಷ. ಪ್ರತಿ 1,000 ಪುರುಷರಿಗೆ 1,019 ಮಹಿಳೆಯರಿದ್ದರು. ಇಷ್ಟು ಕಡಿಮೆ ಜನಸಂಖ್ಯೆಯ ಜಿಲ್ಲೆಯಿಂದ ಭಾರತದ ಪುರುಷರ ಹಾಕಿ ತಂಡಕ್ಕೆ ಹಲವು ಆಟಗಾರರು ಬಂದಿದ್ದಾರೆ. ಎಂ.ಪಿ. ಗಣೇಶ್ ಅವರು 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಪದಕ ಪಡೆದ ಭಾರತ ತಂಡದ ನಾಯಕರಾಗಿದ್ದರು. ಎಂ.ಎಂ. ಸೋಮಯ್ಯ ಅವರು 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದು, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ತಂಡವನ್ನು ಮುನ್ನಡೆಸಿದರು. ಮುಂದಿನ ತಲೆಮಾರಿನಲ್ಲಿ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ ಮೊದಲಾದವರು ಒಲಿಂಪಿಕ್ಸ್‌ನಲ್ಲಿ ಆಡಿದರು. ಈ ಕಾರಣದಿಂದ ಕೊಡಗನ್ನು ‘ಭಾರತೀಯ ಹಾಕಿಯ ತೊಟ್ಟಿಲು’ ಎಂದು ಕರೆಯುವುದುಂಟು.

ಹಾಕಿಯು ಕೊಡಗಿನಲ್ಲಿ ನೆಲೆಯೂರಲು ಸೇನೆಯ ನಂಟು ಒಂದು ಮುಖ್ಯ ಕಾರಣ. ಬ್ರಿಟಿಷ್ ಭಾರತದ ಸೇನೆಯಲ್ಲಿ ಹಾಕಿ ಜನಪ್ರಿಯ ಆಟವಾಗಿತ್ತು. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಹಾಗೂ ಜನರಲ್ ಕೆ.ಎಸ್. ತಿಮ್ಮಯ್ಯ ಅವರಂತಹ ಸೇನಾನಿಗಳನ್ನು ಕೊಟ್ಟ ಈ ನಾಡಿನಲ್ಲಿ, ಸೇನೆಯಿಂದ ರಜೆಗೆ ಬಂದವರು ಮತ್ತು ನಿವೃತ್ತರಾಗಿ ಮರಳಿದವರು ಊರಿನ ಬಯಲಿನಲ್ಲಿ ಆಟವನ್ನು ಮುಂದುವರಿಸಿದರು. ಸೇನೆ, ರೈಲ್ವೆ, ಬ್ಯಾಂಕುಗಳಲ್ಲಿ ಉತ್ತಮ ಆಟಗಾರನಿಗೆ ಉದ್ಯೋಗವೂ ದೊರೆಯುತ್ತಿತ್ತು.

ಈ ದಾರಿಯು ಬಹುಕಾಲ ಗಂಡುಮಕ್ಕಳಿಗಷ್ಟೇ ತೆರೆದಿತ್ತು ಎಂಬುದು ಗಮನಾರ್ಹ. ವೈದ್ಯಕೀಯ ಮತ್ತು ಶುಶ್ರೂಷಾ ವಿಭಾಗಗಳನ್ನು ಬಿಟ್ಟು ಸೇನೆಯ ಇತರ ವಿಭಾಗಗಳಿಗೆ ಮಹಿಳಾ ಅಧಿಕಾರಿಗಳ ನೇಮಕ ಆರಂಭವಾದದ್ದು 1992ರಲ್ಲಿ. ಹೀಗಾಗಿ ಆಟವನ್ನು ತಂದೆಯಿಂದ ಮಗನಿಗೆ ದಾಟಿಸಿದ ಸೇನಾ ಪರಂಪರೆಯು ಮಗಳಿಗೆ ಅದೇ ರೀತಿ ದಾಟಿಸಲಿಲ್ಲ. ಹೆಣ್ಣುಮಕ್ಕಳ ಹಾಕಿಗೆ ಶಾಲೆಯ ಆಟದ ಮೈದಾನವೇ ಮೊದಲ ನೆಲೆಯಾಯಿತು.

ರಾಜ್ಯ ಮತ್ತು ರಾಷ್ಟ್ರದ ಸಂದರ್ಭ

1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಆ ಬಳಿಕದ ದಶಕವು ಮೈಸೂರು ರಾಜ್ಯದ ಮಹಿಳಾ ಹಾಕಿಯ ಉಜ್ವಲ ಕಾಲವಾಗಿತ್ತು. ಬೆಂಗಳೂರಿನ ಎಲ್ವೆರಾ ಬ್ರಿಟ್ಟೊ ಅವರ ನಾಯಕತ್ವದಲ್ಲಿ ಮೈಸೂರು ತಂಡವು 1960ರಿಂದ 1967ರ ನಡುವೆ ಏಳು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಅವರ ಸಹೋದರಿಯರಾದ ರೀಟಾ ಮತ್ತು ಮೇ ಕೂಡ ಅದೇ ತಂಡದಲ್ಲಿ ಆಡಿದರು. ಎಲ್ವೆರಾ ಅವರಿಗೆ 1965ರ ಅರ್ಜುನ ಪ್ರಶಸ್ತಿ ಸಂದಿತು.

ರಾಷ್ಟ್ರಮಟ್ಟದಲ್ಲಿ ಮಹಿಳಾ ಹಾಕಿಯ ಆಡಳಿತವು ಪುರುಷರ ಹಾಕಿಯಿಂದ ಬಹುಕಾಲ ಬೇರೆಯಾಗಿಯೇ ಇತ್ತು. ಅಂತರರಾಷ್ಟ್ರೀಯ ಮಟ್ಟದಲ್ಲಿಯೂ ಮಹಿಳೆಯರ ಪ್ರತ್ಯೇಕ ಒಕ್ಕೂಟವೊಂದು 1927ರಲ್ಲಿ ಹುಟ್ಟಿ, 1980ರ ದಶಕದ ಆರಂಭದವರೆಗೆ ಕೆಲಸ ಮಾಡಿತು. 1974ರಲ್ಲಿ ಫ್ರಾನ್ಸಿನ ಮ್ಯಾಂಡೆಲ್ಯೂ ಎಂಬಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಮಹಿಳಾ ಹಾಕಿ ಒಲಿಂಪಿಕ್ಸ್‌ಗೆ ಸೇರಿದ್ದು 1980ರಲ್ಲಿ. ಅಲ್ಲಿಯೂ ಭಾರತಕ್ಕೆ ನಾಲ್ಕನೆಯ ಸ್ಥಾನ ದೊರೆಯಿತು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಮಹಿಳೆಯರು ಚಿನ್ನ ಗೆದ್ದರು. ಪುರುಷ ಮತ್ತು ಮಹಿಳಾ ಹಾಕಿ ಎರಡನ್ನೂ ನೋಡಿಕೊಳ್ಳುವ ‘ಹಾಕಿ ಇಂಡಿಯಾ’ ಸಂಸ್ಥೆ ಸ್ಥಾಪನೆಯಾದದ್ದು 2009ರಲ್ಲಿ. ಅದಕ್ಕೂ ಹನ್ನೆರಡು ವರ್ಷ ಮೊದಲೇ ಕೊಡಗಿನ ಒಂದು ಹಳ್ಳಿಯ ಮೈದಾನದಲ್ಲಿ ಗಂಡಸರು ಮತ್ತು ಹೆಂಗಸರು ಒಂದೇ ತಂಡದ ಸದಸ್ಯರಾಗಿ ಆಡುವ ಪಂದ್ಯಾವಳಿ ಆರಂಭವಾಗಿತ್ತು.

ಒಕ್ಕ ಮತ್ತು ಮನೆಪೆದ

ಕೊಡವರ ಸಮಾಜದ ಮೂಲ ಘಟಕವನ್ನು ‘ಒಕ್ಕ’ ಎನ್ನುತ್ತಾರೆ. ಒಬ್ಬನೇ ಮೂಲಪುರುಷನ ಸಂತತಿಯವರೆಂದು ತಿಳಿಯುವ, ತಂದೆಯ ವಂಶದ ಕಡೆಯಿಂದ ಕೂಡಿದ ದೊಡ್ಡ ಕುಟುಂಬವೇ ಒಕ್ಕ. ಪ್ರತಿ ಒಕ್ಕಕ್ಕೂ ಒಂದು ಹೆಸರಿದೆ; ಅದನ್ನು ‘ಮನೆಪೆದ’ ಎನ್ನುತ್ತಾರೆ. ಈ ಹೆಸರುಗಳು ಸಾಮಾನ್ಯವಾಗಿ ‘ಅಂಡ’, ‘ಇರ’, ‘ಮಾಡ’ ಎಂಬ ಪದಾಂತ್ಯಗಳನ್ನು ಹೊಂದಿರುತ್ತವೆ. ವ್ಯಕ್ತಿಯ ಹೆಸರಿಗಿಂತ ಮೊದಲು ಮನೆಪೆದ ಬರುತ್ತದೆ. ಮೇಲೆ ಹೆಸರಿಸಿದ ಎಂ.ಪಿ. ಗಣೇಶ್ ಅವರ ಹೆಸರಿನ ಮೊದಲ ಅಕ್ಷರವು ‘ಮೊಳ್ಳೇರ’ ಎಂಬ ಮನೆಪೆದವನ್ನೂ, ಎಂ.ಎಂ. ಸೋಮಯ್ಯ ಅವರ ಹೆಸರಿನ ಮೊದಲ ಅಕ್ಷರವು ‘ಮನೆಯಪಂಡ’ ಎಂಬ ಮನೆಪೆದವನ್ನೂ ಸೂಚಿಸುತ್ತದೆ.

ಒಕ್ಕದ ಪೂರ್ವಿಕರ ಮನೆಯನ್ನು ‘ಐನ್‌ಮನೆ’ ಎನ್ನುತ್ತಾರೆ. ಒಕ್ಕದ ಹಿರಿಯನಿಗೆ ‘ಪಟ್ಟೆದಾರ’ ಎಂಬ ಸ್ಥಾನವಿದೆ. ಪುತ್ತರಿಯಂತಹ ಹಬ್ಬಗಳಲ್ಲಿ ಒಕ್ಕದವರು ಐನ್‌ಮನೆಯಲ್ಲಿ ಸೇರುವುದು ವಾಡಿಕೆ. ಒಂದೇ ಒಕ್ಕದವರು ಪರಸ್ಪರ ಮದುವೆಯಾಗುವಂತಿಲ್ಲ. ಅವರು ಒಡಹುಟ್ಟಿದವರಿಗೆ ಸಮಾನ. ಆದುದರಿಂದ ಮದುವೆಯಾದ ಪ್ರತಿ ಕೊಡವ ಮಹಿಳೆಗೂ ಹುಟ್ಟಿದ ಒಕ್ಕ, ಸೇರಿದ ಒಕ್ಕ ಎಂಬ ಎರಡು ಮನೆಗಳಿರುತ್ತವೆ.

ಮದುವೆಯ ಸಂದರ್ಭದಲ್ಲಿ ‘ಸಂಬಂಧ’ ಕೊಡುವ ವಿಧಿಯೊಂದು ನಡೆಯುತ್ತದೆ. ಎರಡೂ ಕಡೆಯ ‘ಅರುವ’ರು, ಅಂದರೆ ಮನೆತನದ ವಿಷಯಗಳನ್ನು ಬಲ್ಲ ಸಾಕ್ಷಿ ಹಿರಿಯರು, ಎದುರುಬದುರು ನಿಂತು ವಧುವಿನ ಹಕ್ಕುಗಳನ್ನು ವರನ ಒಕ್ಕಕ್ಕೆ ವಹಿಸಿಕೊಡುತ್ತಾರೆ. ಅಂದಿನಿಂದ ಆಕೆ ಗಂಡನ ಒಕ್ಕದ ಸದಸ್ಯೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1952ರಲ್ಲಿ ಪ್ರಕಟವಾದ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಒಕ್ಕದ ವ್ಯವಸ್ಥೆಯನ್ನು ವಿಸ್ತಾರವಾಗಿ ವಿವರಿಸಿದ್ದಾರೆ.

ತಂದೆಯ ಕಡೆಯ ವಂಶವೇ ಮುಖ್ಯವಾದರೂ ಈ ಪದ್ಧತಿಯಲ್ಲಿ ಹೊರದಾರಿಗಳಿವೆ. ಗಂಡುಸಂತಾನವಿಲ್ಲದೆ ಒಕ್ಕವೊಂದು ಅಳಿಯುವ ಸ್ಥಿತಿ ಬಂದಾಗ ‘ಒಕ್ಕ ಪರಜೆ’, ‘ಮಕ್ಕ ಪರಜೆ’ ಎಂಬ ವಿವಾಹ ಕ್ರಮಗಳ ಮೂಲಕ ಮಗಳ ಮಕ್ಕಳು ತಾಯಿಯ ಮನೆಪೆದವನ್ನೇ ಮುಂದುವರಿಸಬಹುದು. ಮನೆತನದ ಹೆಸರು ಮಗಳ ಮೂಲಕವೂ ಉಳಿಯಬಲ್ಲದು ಎಂಬ ಈ ತಿಳಿವಳಿಕೆ ಹಾಕಿ ಉತ್ಸವಕ್ಕಿಂತ ಬಹಳ ಹಿಂದಿನದು.

ಕೊಡವ ಹಾಕಿ ಉತ್ಸವ

ಕೊಡವ ಭಾಷೆಯಲ್ಲಿ ‘ಹಾಕಿ ನಮ್ಮೆ’ ಎಂದು ಕರೆಯಲಾಗುವ ಈ ಉತ್ಸವವನ್ನು ಆರಂಭಿಸಿದವರು ಪಾಂಡಂಡ ಕುಟ್ಟಪ್ಪ. ‘ಕುಟ್ಟಣಿ’ ಎಂದೇ ಪರಿಚಿತರಾಗಿದ್ದ ಅವರು ಬ್ಯಾಂಕ್ ಉದ್ಯೋಗದಿಂದ ನಿವೃತ್ತರಾದವರು ಹಾಗೂ ಹಾಕಿ ತೀರ್ಪುಗಾರರಾಗಿದ್ದವರು. ಉದ್ಯೋಗಕ್ಕಾಗಿ ಊರೂರಿಗೆ ಚದುರಿಹೋಗುತ್ತಿದ್ದ ಕೊಡವ ಕುಟುಂಬಗಳನ್ನು ವರ್ಷಕ್ಕೊಮ್ಮೆಯಾದರೂ ಒಂದೆಡೆ ಸೇರಿಸಬೇಕು ಎಂಬುದು ಅವರ ಉದ್ದೇಶವಾಗಿತ್ತು. 1997ರಲ್ಲಿ ಕರಡ ಗ್ರಾಮದಲ್ಲಿ ನಡೆದ ಮೊದಲ ಪಂದ್ಯಾವಳಿಯಲ್ಲಿ 60 ಕುಟುಂಬಗಳು ಪಾಲ್ಗೊಂಡವು.

ಪ್ರತಿ ವರ್ಷ ಒಂದು ಒಕ್ಕವು ಆತಿಥ್ಯದ ಹೊಣೆ ಹೊರುತ್ತದೆ. ಆ ವರ್ಷದ ಕಪ್‌ಗೆ ಅದೇ ಒಕ್ಕದ ಹೆಸರು. ಮೈದಾನ ಸಿದ್ಧಪಡಿಸುವುದು, ವೀಕ್ಷಕರಿಗೆ ಗ್ಯಾಲರಿ ಕಟ್ಟಿಸುವುದು, ಹಣ ಹೊಂದಿಸುವುದು, ಅತಿಥಿಗಳ ಉಪಚಾರ ಇವೆಲ್ಲ ಆ ಕುಟುಂಬದ ಕೆಲಸ. ಪಂದ್ಯಾವಳಿಯ ಮೇಲ್ವಿಚಾರಣೆಯನ್ನು ಕೊಡವ ಹಾಕಿ ಅಕಾಡೆಮಿ ನೋಡಿಕೊಳ್ಳುತ್ತದೆ. ಪಂದ್ಯಗಳು ನಾಕೌಟ್ ಮಾದರಿಯವು. ಒಮ್ಮೆ ಸೋತ ತಂಡ ಹೊರಬೀಳುತ್ತದೆ.

ಉತ್ಸವವು ಸಾಮಾನ್ಯವಾಗಿ ಏಪ್ರಿಲ್ ಸುತ್ತಮುತ್ತ ನಡೆಯುವುದಕ್ಕೆ ಇಲ್ಲಿನ ಬದುಕಿನ ಲಯವೇ ಕಾರಣ. ರೊಬಸ್ಟಾ ಕಾಫಿಯ ಕೊಯ್ಲು ಮಾರ್ಚ್ ಹೊತ್ತಿಗೆ ಮುಗಿಯುತ್ತದೆ, ಶಾಲೆಗಳಿಗೆ ಬೇಸಿಗೆ ರಜೆ ಸಿಗುತ್ತದೆ, ಮುಂಗಾರು ಇನ್ನೂ ಆರಂಭವಾಗಿರುವುದಿಲ್ಲ. ಹೊರ ಊರುಗಳಲ್ಲಿ ನೆಲೆಸಿದವರು ರಜೆ ಹಾಕಿ ಬರಲು ಅದೇ ಅನುಕೂಲದ ಕಾಲ.

2018ರಲ್ಲಿ ನಾಪೋಕ್ಲುವಿನಲ್ಲಿ ಕುಲ್ಲೇಟಿರ ಕುಟುಂಬದ ಆತಿಥ್ಯದಲ್ಲಿ 22ನೆಯ ಉತ್ಸವ ನಡೆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸಂಭವಿಸಿದ ಭೂಕುಸಿತ ಮತ್ತು ಪ್ರವಾಹದಿಂದ ಜಿಲ್ಲೆ ತತ್ತರಿಸಿತು. ಅದರ ಬೆನ್ನಿಗೆ ಕೋವಿಡ್ ಬಂದಿತು. ಹೀಗೆ ನಾಲ್ಕು ವರ್ಷ ಉತ್ಸವ ನಡೆಯಲಿಲ್ಲ. ಪುನರಾರಂಭದ ಬಳಿಕ ತಂಡಗಳ ಸಂಖ್ಯೆ ಹೀಗೆ ಏರಿತು:

2023 – ಅಪ್ಪಚೆಟ್ಟೋಳಂಡ ಕಪ್, ನಾಪೋಕ್ಲು – 336 ತಂಡಗಳು
2024 – ಕುಂಡ್ಯೋಳಂಡ ಕಪ್, ನಾಪೋಕ್ಲು – 360 ತಂಡಗಳು
2025 – ಮುದ್ದಂಡ ಕಪ್, ಮಡಿಕೇರಿ – 396 ತಂಡಗಳು

2024ರ ಉತ್ಸವವು ಜಗತ್ತಿನ ಅತಿ ದೊಡ್ಡ ಹಾಕಿ ಪಂದ್ಯಾವಳಿ ಎಂದು ಗಿನ್ನೆಸ್ ದಾಖಲೆಗೆ ಸೇರಿತು. 2025ರದು 25ನೆಯ ಉತ್ಸವವಾದ್ದರಿಂದ ಬೆಳ್ಳಿಹಬ್ಬದ ವರ್ಷವಾಗಿತ್ತು.

ಮಿಶ್ರ ತಂಡಗಳು

ಉತ್ಸವದ ತಂಡದಲ್ಲಿ ಆಡಲು ಬೇಕಾದ ಮುಖ್ಯ ಅರ್ಹತೆ ಮನೆಪೆದ. ವಯಸ್ಸು, ಲಿಂಗ, ಆಟದ ಅನುಭವ ಅಡ್ಡಿಯಲ್ಲ. ಆದ್ದರಿಂದ ಒಂದೇ ತಂಡದಲ್ಲಿ ರಾಷ್ಟ್ರೀಯ ಆಟಗಾರನೂ, ಶಾಲೆಗೆ ಹೋಗುವ ಬಾಲಕಿಯೂ, ನಿವೃತ್ತ ಸೈನಿಕನೂ ಕಾಣಿಸಿಕೊಳ್ಳುವುದುಂಟು. ತಾಯಿ ಮತ್ತು ಮಗ, ತಂದೆ ಮತ್ತು ಮಗಳು ಜೊತೆಯಾಗಿ ಆಡುವುದು ಈ ಉತ್ಸವದ ವಿಶೇಷ ನೋಟಗಳಲ್ಲಿ ಒಂದಾಗಿದೆ.

ಇದು ಹಾಕಿಯ ನಿಯಮಗಳಿಗೆ ಹೊರತಾದುದಲ್ಲ. ಮೈದಾನದ ಅಳತೆ 91.4 ಮೀಟರ್ ಉದ್ದ ಮತ್ತು 55 ಮೀಟರ್ ಅಗಲ. ಚೆಂಡಿನ ತೂಕ 156ರಿಂದ 163 ಗ್ರಾಂ. ಒಂದು ತಂಡದಲ್ಲಿ ಹನ್ನೊಂದು ಮಂದಿ. ಇವೆಲ್ಲ ಪುರುಷರಿಗೂ ಮಹಿಳೆಯರಿಗೂ ಒಂದೇ. ಕೋಲಿನಿಂದ ಚೆಂಡನ್ನು ಹತೋಟಿಯಲ್ಲಿಡುವ ಕೌಶಲಕ್ಕೆ ಈ ಆಟದಲ್ಲಿ ದೊಡ್ಡ ಪಾತ್ರವಿದ್ದು, ಮೈಗೆ ಮೈ ತಾಗಿಸಿ ಎದುರಾಳಿಯನ್ನು ತಳ್ಳುವುದಕ್ಕೆ ನಿಷೇಧವಿದೆ. ಆದರೂ ಬಲವಾದ ಹೊಡೆತ ಮತ್ತು ವೇಗದ ಓಟದಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ಮಿಶ್ರ ತಂಡದಲ್ಲಿ ಆಡುವ ಮಹಿಳೆಯು ತನಗಿಂತ ಬಲಿಷ್ಠ ಎದುರಾಳಿಯ ಮುಂದೆ ಚೆಂಡನ್ನು ಉಳಿಸಿಕೊಳ್ಳಬೇಕಾಗುತ್ತದೆ. ಇದು ಕಠಿಣ ಪರೀಕ್ಷೆಯೂ ಹೌದು, ಉತ್ತಮ ಅಭ್ಯಾಸವೂ ಹೌದು.

ಸಾರ್ವಜನಿಕ ಹಬ್ಬಗಳಲ್ಲಿ ಕೊಡವ ಮಹಿಳೆಯರು ಮುಂದೆ ಬಂದು ಪಾಲ್ಗೊಳ್ಳುವುದು ಹೊಸದೇನಲ್ಲ. ಉಮ್ಮತ್ತಾಟ್ ಮಹಿಳೆಯರದೇ ಆದ ನೃತ್ಯ. ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ಸಂದರ್ಭದಲ್ಲಿ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿಯೂ ಮಹಿಳೆಯರು ಭಾಗವಹಿಸುತ್ತಾರೆ. ಹಾಕಿ ಉತ್ಸವವು ಹಬ್ಬದ ರೂಪದಲ್ಲಿ ಆರಂಭವಾದ ಕಾರಣ ಅಲ್ಲಿ ಮಹಿಳೆಯರ ಉಪಸ್ಥಿತಿ ಸಹಜವಾಗಿಯೇ ಒಪ್ಪಿತವಾಯಿತು.

ಮದುವೆಯಾದ ಆಟಗಾರ್ತಿಯ ಆಯ್ಕೆ

ಮನೆಪೆದವೇ ತಂಡದ ಆಧಾರವಾದಾಗ ಒಂದು ಪ್ರಶ್ನೆ ಏಳುತ್ತದೆ: ಹುಟ್ಟಿದ ಮನೆಯಲ್ಲಿ ಆಟ ಕಲಿತು, ಅಣ್ಣತಮ್ಮಂದಿರೊಂದಿಗೆ ಆಡಿದ ಹುಡುಗಿ ಮದುವೆಯಾದ ಮೇಲೆ ಯಾರ ಪರ ಆಡಬೇಕು? ‘ಸಂಬಂಧ’ ವಿಧಿಯ ಕಟ್ಟುನಿಟ್ಟಿನ ಅರ್ಥದಲ್ಲಿ ಆಕೆ ಗಂಡನ ಒಕ್ಕದವಳು. ಹಾಗೆಂದು ನಿಯಮ ಮಾಡಿದ್ದರೆ, ಮದುವೆಯ ದಿನವೇ ಆಕೆ ತನ್ನ ತಂಡವನ್ನು ಕಳೆದುಕೊಳ್ಳುತ್ತಿದ್ದಳು. ತವರಿನ ತಂಡಕ್ಕಷ್ಟೇ ಸೀಮಿತಗೊಳಿಸಿದ್ದರೆ, ತನ್ನ ಗಂಡ ಮತ್ತು ಮಕ್ಕಳ ಜೊತೆ ಆಡುವ ಅವಕಾಶ ತಪ್ಪುತ್ತಿತ್ತು.

ಉತ್ಸವದಲ್ಲಿ ಈ ಆಯ್ಕೆಯನ್ನು ಮಹಿಳೆಗೇ ಬಿಡಲಾಗಿದೆ. ಆಕೆ ತವರಿನ ಮನೆಪೆದದಲ್ಲಿಯಾಗಲಿ ಗಂಡನ ಮನೆಪೆದದಲ್ಲಿಯಾಗಲಿ ಆಡಬಹುದು. ಪುರುಷನಿಗೆ ಸಾಮಾನ್ಯವಾಗಿ ಒಂದೇ ಮನೆಪೆದ ಇರುವುದರಿಂದ ಇಂತಹ ಆಯ್ಕೆಯ ಪ್ರಶ್ನೆ ಬರುವುದಿಲ್ಲ. ವಂಶದ ಲೆಕ್ಕದಲ್ಲಿ ಮನೆ ಬದಲಿಸಬೇಕಾದವಳು ಹೆಣ್ಣು. ಆಟದ ಲೆಕ್ಕದಲ್ಲಿ ಎರಡು ಮನೆಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಹಕ್ಕು ಇರುವುದೂ ಆಕೆಗೇ.

ಈ ನಿಯಮದ ಪ್ರಾಯೋಗಿಕ ಪ್ರಯೋಜನವೂ ಇದೆ. ಕೆಲವು ಒಕ್ಕಗಳಲ್ಲಿ ನೂರಾರು ಸದಸ್ಯರಿದ್ದರೆ ಕೆಲವು ಒಕ್ಕಗಳಲ್ಲಿ ಬೆರಳೆಣಿಕೆಯ ಮನೆಗಳಷ್ಟೇ ಉಳಿದಿವೆ. ಸಣ್ಣ ಒಕ್ಕವೊಂದು ಹನ್ನೊಂದು ಮಂದಿಯ ತಂಡ ಕಟ್ಟಬೇಕಾದರೆ ಒಬ್ಬೊಬ್ಬ ಸದಸ್ಯರೂ ಮುಖ್ಯರಾಗುತ್ತಾರೆ. ಅಂತಹ ಕಡೆ ಸೊಸೆಯೋ, ಮದುವೆಯಾಗಿ ಹೋದ ಮಗಳೋ ಕೋಲು ಹಿಡಿದು ನಿಂತರೆ ಆ ಮನೆಪೆದವು ಪಂದ್ಯಾವಳಿಯ ಪಟ್ಟಿಯಲ್ಲಿ ಉಳಿಯುತ್ತದೆ.

ಪ್ರತ್ಯೇಕ ಮಹಿಳಾ ಪಂದ್ಯಾವಳಿ

ಮಿಶ್ರ ತಂಡಗಳು ಬಾಗಿಲು ತೆರೆದವಾದರೂ ಅದರಿಂದ ಎಲ್ಲ ಮಹಿಳೆಯರಿಗೂ ಸಮಾನ ಅವಕಾಶ ದೊರೆಯಿತೆಂದು ಹೇಳಲಾಗದು. ಬಲಿಷ್ಠ ಆಟಗಾರರು ಹೆಚ್ಚಿರುವ ದೊಡ್ಡ ಒಕ್ಕವೊಂದು ಗೆಲುವನ್ನೇ ಗುರಿಯಾಗಿಟ್ಟುಕೊಂಡಾಗ ಹನ್ನೊಂದರ ಬಳಗದಲ್ಲಿ ಹೆಣ್ಣುಮಕ್ಕಳಿಗೆ ಸ್ಥಾನ ಸಿಗುವುದು ಕಷ್ಟ. ತಂಡ ಸಣ್ಣದಾದಷ್ಟೂ ಮಹಿಳೆಗೆ ಅವಕಾಶ ಹೆಚ್ಚು, ತಂಡ ಪ್ರಬಲವಾದಷ್ಟೂ ಕಡಿಮೆ ಎಂಬ ವೈರುಧ್ಯ ಮಿಶ್ರ ಪದ್ಧತಿಯಲ್ಲಿಯೇ ಅಡಗಿದೆ.

ಬೆಳ್ಳಿಹಬ್ಬದ ವರ್ಷವಾದ 2025ರಲ್ಲಿ ಮುದ್ದಂಡ ಕಪ್‌ನೊಂದಿಗೆ ಮಹಿಳೆಯರಿಗಾಗಿ ಪ್ರತ್ಯೇಕ ಪಂದ್ಯಾವಳಿಯನ್ನೂ ಏರ್ಪಡಿಸಲಾಯಿತು. ಇಲ್ಲಿಯೂ ತಂಡದ ಆಧಾರ ಮನೆಪೆದವೇ. ಆದರೆ ತಂಡದಲ್ಲಿ ಆಡುವವರೆಲ್ಲರೂ ಮಹಿಳೆಯರಾದ್ದರಿಂದ, ಒಕ್ಕದ ಹೆಣ್ಣುಮಕ್ಕಳು ಮತ್ತು ಸೊಸೆಯರು ಪುರುಷರ ತಂಡದಲ್ಲಿ ತೆರವಾಗುವ ಸ್ಥಾನಕ್ಕೆ ಕಾಯದೆ ತಮ್ಮದೇ ತಂಡ ಕಟ್ಟಲು ಸಾಧ್ಯವಾಯಿತು.

ಒಂದೇ ಒಕ್ಕದಿಂದ ಆಡಬಲ್ಲ ಹನ್ನೊಂದು ಮಹಿಳೆಯರನ್ನು ಕೂಡಿಸುವುದು ಎಲ್ಲ ಕುಟುಂಬಗಳಿಗೂ ಸುಲಭವಲ್ಲ. ಈ ದೃಷ್ಟಿಯಿಂದ ಕಡಿಮೆ ಆಟಗಾರರ ಹಾಕಿ ಪ್ರಕಾರಗಳು ಉಪಯುಕ್ತ. ಸಣ್ಣ ಅಂಕಣದಲ್ಲಿ ಐವರು ಆಡುವ ಪ್ರಕಾರವನ್ನು ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ಕೂಡ ಬೆಳೆಸುತ್ತಿದೆ. 2024ರ ಜನವರಿಯಲ್ಲಿ ಮಸ್ಕತ್‌ನಲ್ಲಿ ನಡೆದ ಈ ಪ್ರಕಾರದ ಮೊದಲ ಮಹಿಳಾ ವಿಶ್ವಕಪ್‌ನಲ್ಲಿ ಭಾರತ ತಂಡವು ನೆದರ್ಲೆಂಡ್ಸ್ ವಿರುದ್ಧ ಸೋತು ಎರಡನೆಯ ಸ್ಥಾನ ಪಡೆಯಿತು.

ತೀರ್ಪುಗಾರಿಕೆಯಲ್ಲಿ ಮಹಿಳೆಯರು

ಕೊಡಗಿನ ಮಹಿಳಾ ಹಾಕಿಯ ಇತಿಹಾಸದಲ್ಲಿ ಅಂಪೈರ್ ಅನುಪಮಾ ಪುಂಚಿಮಂಡ ಅವರದು ಪ್ರಮುಖ ಹೆಸರು. ಅವರು 2005ರಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ನಡೆದ ಕಿರಿಯ ಮಹಿಳೆಯರ ವಿಶ್ವಕಪ್, 2013ರಲ್ಲಿ ನವದೆಹಲಿಯಲ್ಲಿ ನಡೆದ ವಿಶ್ವ ಹಾಕಿ ಲೀಗ್‌ನ ಎರಡನೆಯ ಸುತ್ತು ಹಾಗೂ ಅದೇ ವರ್ಷದ ಮಹಿಳಾ ಏಷ್ಯಾ ಕಪ್ ಸೇರಿದಂತೆ ಅನೇಕ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ತೀರ್ಪುಗಾರರಾಗಿ ಕಾರ್ಯನಿರ್ವಹಿಸಿದರು. 2021ರ ಏಪ್ರಿಲ್‌ನಲ್ಲಿ ಕೋವಿಡ್ ಸೋಂಕಿನಿಂದ ಬೆಂಗಳೂರಿನಲ್ಲಿ ನಿಧನರಾದರು. ಆಗ ಅವರಿಗೆ ಸುಮಾರು 40 ವರ್ಷ ವಯಸ್ಸು.

ಆಟಗಾರ್ತಿಯಾಗಿ ಮೈದಾನಕ್ಕಿಳಿಯುವುದು ಒಂದು ಹೆಜ್ಜೆಯಾದರೆ ಸೀಟಿ ಹಿಡಿದು ಆಟವನ್ನು ನಿಯಂತ್ರಿಸುವುದು ಇನ್ನೊಂದು ಹೆಜ್ಜೆ. ಅಂಪೈರ್ ಆದವರು ಮೈದಾನದಲ್ಲಿ ಆಟಗಾರರೊಂದಿಗೆ ಓಡುತ್ತ ಕ್ಷಣಮಾತ್ರದಲ್ಲಿ ನಿರ್ಣಯ ಕೊಡಬೇಕು. ಆ ನಿರ್ಣಯವನ್ನು ಎರಡೂ ತಂಡಗಳು ಒಪ್ಪಬೇಕು. ಈ ಕ್ಷೇತ್ರದಲ್ಲಿ ಕೊಡಗಿನ ಮಹಿಳೆಯೊಬ್ಬರು ವಿಶ್ವಮಟ್ಟಕ್ಕೆ ಏರಿದ್ದು ಜಿಲ್ಲೆಯ ಹೆಣ್ಣುಮಕ್ಕಳಿಗೆ ಆಟದೊಳಗೇ ಮತ್ತೊಂದು ವೃತ್ತಿಮಾರ್ಗವನ್ನು ತೋರಿಸಿಕೊಟ್ಟಿತು.

ತರಬೇತಿ ಮತ್ತು ಮೈದಾನಗಳು

ವರ್ಷಕ್ಕೊಮ್ಮೆ ನಡೆಯುವ ಉತ್ಸವವು ಆಸಕ್ತಿಯನ್ನು ಹುಟ್ಟಿಸಬಲ್ಲದು. ರಾಜ್ಯ ಅಥವಾ ರಾಷ್ಟ್ರಮಟ್ಟದ ಆಟಗಾರ್ತಿಯನ್ನು ರೂಪಿಸಲು ವರ್ಷವಿಡೀ ತರಬೇತಿ ಬೇಕು. ಜಿಲ್ಲೆಯಲ್ಲಿ ಈ ಕೆಲಸವು ಶಾಲಾ ಕಾಲೇಜುಗಳ ಜೊತೆಗೆ ರಾಜ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ವಸತಿನಿಲಯಗಳಲ್ಲಿ ಹಾಗೂ ಮಡಿಕೇರಿಯಲ್ಲಿರುವ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ನಡೆಯುತ್ತದೆ. ಪೊನ್ನಂಪೇಟೆ ಮತ್ತು ಕೂಡಿಗೆ ಈ ವ್ಯವಸ್ಥೆಯ ಇತರ ನೆಲೆಗಳು.

ಮಳೆ ಇಲ್ಲಿನ ತರಬೇತಿಯ ದೊಡ್ಡ ಸವಾಲು. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿನ ಮೈದಾನಗಳು ಕೆಸರಾಗುವುದರಿಂದ ಅಲ್ಲಿ ಚೆಂಡು ಉರುಳುವುದೇ ಇಲ್ಲ. ಕೃತಕ ಹುಲ್ಲುಹಾಸಿನ ಅಂಕಣಗಳು ಈ ತೊಂದರೆಯನ್ನು ಕಡಿಮೆ ಮಾಡಿವೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದೀಚೆಗೆ ಉನ್ನತ ಮಟ್ಟದ ಹಾಕಿ ಕೃತಕ ಅಂಕಣದಲ್ಲಿಯೇ ನಡೆಯುವುದರಿಂದ, ಮಣ್ಣಿನಲ್ಲಿ ಕಲಿತವರು ಅದರ ವೇಗಕ್ಕೆ ಹೊಂದಿಕೊಳ್ಳಲು ಸಮಯ ಬೇಕಾಗುತ್ತದೆ. ತೋಟಗಳ ನಡುವೆ ದೂರದೂರ ಮನೆಗಳಿರುವ ಜಿಲ್ಲೆಯಲ್ಲಿ ಸಂಜೆಯ ಅಭ್ಯಾಸ ಮುಗಿಸಿ ಮನೆ ಸೇರುವುದು ಹೆಣ್ಣುಮಕ್ಕಳಿಗೆ ಕಷ್ಟವಾದುದರಿಂದ ವಸತಿನಿಲಯಗಳ ಪಾತ್ರ ಹಿರಿದು.

ಇತರ ಕ್ರೀಡೆಗಳಲ್ಲಿ ಕೊಡಗಿನ ಮಹಿಳೆಯರು

ಹಾಕಿಗಿಂತ ಅಥ್ಲೆಟಿಕ್ಸ್‌ನಲ್ಲಿ ಕೊಡಗಿನ ಮಹಿಳೆಯರು ಹೆಚ್ಚು ಪ್ರಸಿದ್ಧಿ ಪಡೆದಿದ್ದಾರೆ. ಓಟಗಾರ್ತಿ ಅಶ್ವಿನಿ ನಾಚಪ್ಪ ಅವರಿಗೆ 1988ರಲ್ಲಿ ಅರ್ಜುನ ಪ್ರಶಸ್ತಿ ಬಂದಿತು; ನಿವೃತ್ತಿಯ ಬಳಿಕ ಅವರು ಗೋಣಿಕೊಪ್ಪ ಬಳಿ ಕ್ರೀಡೆಗೆ ಒತ್ತು ನೀಡುವ ವಿದ್ಯಾಸಂಸ್ಥೆಯನ್ನು ಕಟ್ಟಿದರು. ಪ್ರಮೀಳಾ ಅಯ್ಯಪ್ಪ ಅವರು 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಹೆಪ್ಟಾಥ್ಲಾನ್‌ನಲ್ಲಿ ಕಂಚಿನ ಪದಕ ಗೆದ್ದರು. ಕೊಡಗು ಮೂಲದ ಎಂ.ಆರ್. ಪೂವಮ್ಮ ಅವರು 2014 ಮತ್ತು 2018ರ ಏಷ್ಯನ್ ಕ್ರೀಡಾಕೂಟಗಳಲ್ಲಿ 4×400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದ ತಂಡಗಳಲ್ಲಿದ್ದರು. ಸ್ಕ್ವಾಷ್ ಆಟಗಾರ್ತಿ ಜೋಷ್ನಾ ಚಿನ್ನಪ್ಪ ಕೂಡ ಕೊಡವ ಮೂಲದವರು.

ಒಬ್ಬೊಬ್ಬರೇ ಸ್ಪರ್ಧಿಸುವ ಕ್ರೀಡೆಯಲ್ಲಿ ಪ್ರತಿಭೆ, ಮನೆಯವರ ಬೆಂಬಲ ಮತ್ತು ಒಳ್ಳೆಯ ತರಬೇತುದಾರರಿದ್ದರೆ ಮುಂದೆ ಸಾಗಬಹುದು. ತಂಡದ ಆಟಕ್ಕೆ ಅದೇ ವಯಸ್ಸಿನ, ಅದೇ ಮಟ್ಟದ ಇನ್ನೂ ಹತ್ತು ಮಂದಿ ಬೇಕು. ಕಡಿಮೆ ಜನಸಂಖ್ಯೆಯ ಬೆಟ್ಟದ ಜಿಲ್ಲೆಯಲ್ಲಿ ಹೆಣ್ಣುಮಕ್ಕಳ ತಂಡ ಕಟ್ಟುವುದು ಕಷ್ಟವಾಗಿರುವುದಕ್ಕೆ ಇದೂ ಒಂದು ಕಾರಣ.

ಕ್ಲಬ್ ಪದ್ಧತಿಯೊಂದಿಗೆ ಹೋಲಿಕೆ

ಮಹಿಳಾ ಕ್ಲಬ್ ಎಂಬ ವ್ಯವಸ್ಥೆಯ ಬಲ ಮತ್ತು ದೌರ್ಬಲ್ಯಗಳಿಗೆ ಫುಟ್‌ಬಾಲ್ ಉತ್ತಮ ಉದಾಹರಣೆ. ಇಂಗ್ಲೆಂಡಿನ ಪ್ರೆಸ್ಟನ್ ನಗರದಲ್ಲಿ ಮೊದಲ ಮಹಾಯುದ್ಧದ ಕಾಲಕ್ಕೆ, 1917ರಲ್ಲಿ, ಕಾರ್ಖಾನೆಯ ಕೆಲಸಗಾರ್ತಿಯರು ‘ಡಿಕ್, ಕೆರ್ ಲೇಡೀಸ್’ ಎಂಬ ತಂಡ ಕಟ್ಟಿದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಅವರ ಪಂದ್ಯ ನೋಡಲು ಸುಮಾರು 53,000 ಜನ ಸೇರಿದ್ದರು. ಮರುವರ್ಷದ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್, ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳನ್ನು ಮಹಿಳೆಯರ ಪಂದ್ಯಗಳಿಗೆ ಕೊಡಬಾರದೆಂದು ನಿರ್ಬಂಧಿಸಿತು. ಈ ನಿರ್ಬಂಧ ಸುಮಾರು ಐವತ್ತು ವರ್ಷ ಜಾರಿಯಲ್ಲಿತ್ತು. ಮಹಿಳೆಯರಿಗೆ ತಂಡವಿತ್ತು, ಪ್ರೇಕ್ಷಕರಿದ್ದರು. ಮೈದಾನ ಮಾತ್ರ ಇನ್ನೊಬ್ಬರ ಕೈಯಲ್ಲಿತ್ತು.

ಕರ್ನಾಟಕದಲ್ಲಿ ಮಹಿಳಾ ಫುಟ್‌ಬಾಲ್ ಕ್ಲಬ್ಬುಗಳ ನೆಲೆ ಬೆಂಗಳೂರು. ಅಲ್ಲಿನ ಕಿಕ್‌ಸ್ಟಾರ್ಟ್ ಎಫ್‌ಸಿ ತಂಡವು 2022–23ರ ಇಂಡಿಯನ್ ವಿಮೆನ್ಸ್ ಲೀಗ್‌ನಲ್ಲಿ ಫೈನಲ್ ತಲುಪಿ, ಅಹಮದಾಬಾದ್‌ನಲ್ಲಿ ಗೋಕುಲಂ ಕೇರಳ ತಂಡದ ಎದುರು 0–5ರಿಂದ ಸೋತಿತು. ಇಂತಹ ಕ್ಲಬ್ಬು ದೇಶದ ಯಾವ ಮೂಲೆಯ ಆಟಗಾರ್ತಿಯನ್ನಾದರೂ ಸೇರಿಸಿಕೊಳ್ಳಬಹುದು. ಆಕೆಗೆ ವರ್ಷವಿಡೀ ತರಬೇತಿ ಕೊಡಬಹುದು. ಆದರೆ ಹಣದ ಮೂಲ ಬತ್ತಿದರೆ ಕ್ಲಬ್ಬು ಮುಚ್ಚಿಹೋಗುತ್ತದೆ.

ಒಕ್ಕದ ತಂಡ ಇದಕ್ಕೆ ವಿರುದ್ಧವಾದುದು. ಅದು ಹೊರಗಿನವರನ್ನು ಸೇರಿಸಿಕೊಳ್ಳುವುದಿಲ್ಲ, ವರ್ಷವಿಡೀ ಆಡುವುದಿಲ್ಲ, ಆಟಗಾರ್ತಿಗೆ ಸಂಬಳ ಕೊಡುವುದಿಲ್ಲ. ಆದರೆ ಅದು ಮುಚ್ಚಿಹೋಗುವುದೂ ಇಲ್ಲ. ನಾಲ್ಕು ವರ್ಷ ಉತ್ಸವ ನಿಂತು 2023ರಲ್ಲಿ ಮತ್ತೆ ಆರಂಭವಾದಾಗ ತಂಡಗಳನ್ನು ಹೊಸದಾಗಿ ಕಟ್ಟಬೇಕಾಗಿರಲಿಲ್ಲ. ಮನೆಪೆದಗಳು ಹಾಗೆಯೇ ಇದ್ದವು.

ಮಿತಿಗಳು

ಕೊಡವ ಹಾಕಿ ಉತ್ಸವವು ಕೊಡವ ಒಕ್ಕಗಳಿಗೆ ಸೀಮಿತವಾಗಿದೆ. ಕೊಡಗಿನಲ್ಲಿ ಅರೆಭಾಷೆ ಗೌಡರು, ಮುಸ್ಲಿಮರು, ಕ್ರೈಸ್ತರು, ಯರವ ಮತ್ತು ಕುರುಬ ಬುಡಕಟ್ಟಿನವರು, ತೋಟಗಳ ಕೆಲಸಕ್ಕೆ ಬಂದು ನೆಲೆಸಿದವರು ಸೇರಿದಂತೆ ಅನೇಕ ಸಮುದಾಯಗಳಿವೆ. ಉತ್ಸವದ ಪ್ರೇರಣೆಯಿಂದ ಇತರ ಸಮುದಾಯಗಳಲ್ಲಿಯೂ ಕುಟುಂಬ ತಂಡಗಳ ಪಂದ್ಯಾವಳಿಗಳು ಆರಂಭವಾಗಿವೆ. ಅರೆಭಾಷೆ ಗೌಡ ಕುಟುಂಬಗಳ ಕ್ರಿಕೆಟ್ ಪಂದ್ಯಾವಳಿ ಇದಕ್ಕೆ ನಿದರ್ಶನ. ಯಾವ ಕುಟುಂಬ ಪಂದ್ಯಾವಳಿಗೂ ಸೇರದ ಹೆಣ್ಣುಮಗುವಿಗೆ ಶಾಲೆಯ ತಂಡ ಮತ್ತು ಕ್ರೀಡಾ ವಸತಿನಿಲಯವೇ ದಾರಿ. ಆದುದರಿಂದ ಉತ್ಸವವು ಎಷ್ಟೇ ಬೆಳೆದರೂ ಶಾಲಾ ಹಾಕಿಯ ಅಗತ್ಯ ಕಡಿಮೆಯಾಗುವುದಿಲ್ಲ.

ಮಹತ್ವ

ಕೊಡಗಿನಲ್ಲಿ ಹಾಕಿಯು ಸೇನೆಯ ಮೂಲಕ ಬಂದಾಗ ಗಂಡಸರ ಆಟವಾಗಿತ್ತು; ಮನೆತನದ ಹಬ್ಬವಾದಾಗ ಮಹಿಳೆಯರದೂ ಆಯಿತು. ಉತ್ಸವವು ಮಹಿಳೆಯರನ್ನು ಪ್ರತ್ಯೇಕ ವರ್ಗವಾಗಿ ಕಾಣದೆ ಮನೆಪೆದದ ಹಕ್ಕುದಾರರಾಗಿ ಕಂಡಿತು. ಮದುವೆಯಾದವಳಿಗೆ ಎರಡು ಮನೆಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಕೊಟ್ಟಿತು. ಆರಂಭವಾಗಿ ಕಾಲು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಮಹಿಳೆಯರದೇ ತಂಡಗಳಿಗೂ ಅಲ್ಲಿ ಜಾಗ ದೊರೆಯಿತು. ಮಿಶ್ರ ತಂಡ ಮತ್ತು ಮಹಿಳಾ ತಂಡ ಎರಡೂ ಜೊತೆಜೊತೆಯಾಗಿ ಉಳಿದರೆ, ಅಣ್ಣನೊಂದಿಗೆ ಆಡುವ ಹುಡುಗಿಗೂ ಅತ್ತಿಗೆ ನಾದಿನಿಯರೊಂದಿಗೆ ಆಡುವ ಗೃಹಿಣಿಗೂ ಒಂದೇ ಮೈದಾನದಲ್ಲಿ ಅವಕಾಶವಿರುತ್ತದೆ.

ಇವನ್ನೂ ನೋಡಿ

ಕೊಡಗು ಜಿಲ್ಲೆ
ಕೊಡವರು
ಕೊಡವ ಹಾಕಿ ಉತ್ಸವ
ಐನ್‌ಮನೆ
ಭಾರತ ಮಹಿಳಾ ಹಾಕಿ ತಂಡ